ಗುಡ್ಡಕ್ಕೊಂದು ಜಾತ್ರೆ

ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ನಾದ ಕೊಡುವ ಬಂಡೆಗಳಿವೆ ಎಂದಾಗ ಕಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಕ್ಕ ಕೇಳಿದ್ದು ಒಂದೇ ಮಾತು. "ಹಂಗಾದ್ರ ಅವನ್ನ ಇನ್ನೂ ಯಾಕ ಜಲ್ಲಿ ಮಾಡಿಲ್ಲ ತಮ್ಮಾ?"

ಕೇಳಬೇಕಾದ ಪ್ರಶ್ನೆಯೇ ಅದು. ಬಳ್ಳಾರಿ ಸೀಮೆಯಲ್ಲಿ ಬೆಳೆದವರು ಎಷ್ಟು ಗುಡ್ಡ ಕರಗಿದ್ದನ್ನು ಕಂಡಿಲ್ಲ! ಹೊಲದ ಕಂಬ, ಮನೆಯ ಚಪ್ಪಡಿ, ರಸ್ತೆಯ ಜಲ್ಲಿ, ನಾವಿಬ್ಬರೂ ಮೊಣಕೈ ಊರಿ ಮಾತಾಡುವ ಈ ಗೋಡೆಯ ತಳಪಾಯ, ಎಲ್ಲವೂ ಯಾವುದೋ ಗುಡ್ಡದ ಮೈಯಿಂದ ಬಂದದ್ದೇ. ಅಕ್ಕನ ತವರು ಸಿರುಗುಪ್ಪದ ಕಡೆ. ಅಣ್ಣತಮ್ಮಂದಿರಿಗೆ ಅಲ್ಲಿ ಎರೆಹೊಲ ಇದೆ. ಆಕೆ ಏನನ್ನಾದರೂ ಉಳಿಸಬೇಕು ಎಂಬ ಮಾತು ಕೇಳಿದರೆ ಮೊದಲು ವಿಚಾರಿಸುವುದು ಅದರಿಂದ ಯಾರ ಹೊಟ್ಟೆ ಮೇಲೆ ಬರೆ ಬೀಳುತ್ತದೆ ಎಂದು. ಹಾಗಾಗಿ ನನಗೆ ಈ ವಿಷಯವನ್ನು ಆಕೆಯೊಡನೆ ಮಾತಾಡುವುದೆಂದರೆ ಇಷ್ಟ. ಸಭೆಗಳಲ್ಲಿ ಹೀಗೆ ಕೇಳುವವರು ಸಿಗುವುದಿಲ್ಲ.

ಬಳ್ಳಾರಿ ಊರಿನಿಂದ ಸ್ವಲ್ಪ ದೂರ ಹೋದರೆ ಸಂಗನಕಲ್ಲು. ಸಣ್ಣರಾಚಮ್ಮನ ಗುಡ್ಡ, ಚೌಡಮ್ಮನ ಗುಡ್ಡ, ಹಿರೇಗುಡ್ಡ, ಅದರ ಮಗ್ಗುಲಿಗೇ ಕಪ್ಪಗಲ್ಲು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕೆ ಬಂದವನು, 1872ರಲ್ಲಿ ಈ ಗುಡ್ಡ ಹತ್ತಿದ. ಅದಕ್ಕೂ ಮುಂಚೆ 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ ಹೆಸರಾದವನು ಅವನೇ. ಇಲ್ಲಿ ಅವನಿಗೆ ಕಂಡದ್ದು ಇನ್ನೊಂದು ಕಾಲ. ಗುಡ್ಡದ ತುಂಬ ಕಲ್ಲುಕೊಡಲಿಗಳು. ಮುಗಿದವು, ಅರ್ಧಕ್ಕೆ ಮುರಿದವು, ಕೈಬಿಟ್ಟವು, ಅವುಗಳ ಸುತ್ತ ರಾಶಿ ರಾಶಿ ಚಕ್ಕೆ. ಕೊಡಲಿಯ ಕಾರ್ಖಾನೆ ಎಂದರೂ ಸರಿಯೇ. ಗುಡ್ಡದ ಹಳದಿ-ಕೆಂಪು ಬಂಡೆಗಳ ನಡುವೆ ಕರಿಕಲ್ಲಿನ ಒಂದು ಪಟ್ಟೆ ಸೀಳಿಕೊಂಡು ಹೋಗಿದೆ. ಡಾಲರೈಟ್ ಅನ್ನುತ್ತಾರೆ. ಅದೇ ಗಟ್ಟಿ ಕಲ್ಲನ್ನು ಒಡೆದು, ಚಕ್ಕೆ ತೆಗೆದು, ಬಂಡೆಯ ಮೇಲೆ ನೀರು ಹಾಕಿ ಉಜ್ಜಿ ಅಲಗು ಮಾಡುತ್ತಿದ್ದರು. ಉಜ್ಜಿದ ಗುರುತುಗಳು, ಅಂದರೆ ಬಂಡೆಯಲ್ಲಿ ಸವೆದ ತಗ್ಗುಗಳು, ಇವತ್ತಿಗೂ ಕೈಯಿಟ್ಟರೆ ನುಣುಪಾಗಿವೆ.

ಬಿ. ಸುಬ್ಬರಾವ್ ಈ ನೆಲವನ್ನು ಅಗೆದು 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಪುಸ್ತಕ ಬರೆದರು. 1964-65ರಲ್ಲಿ ಅನ್ಸಾರಿ ಮತ್ತು ಎಂ.ಎಸ್. ನಾಗರಾಜರಾವ್ ಮತ್ತೆ ಅಗೆದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಅವರ ಜೊತೆ ಡೋರಿಯನ್ ಫುಲ್ಲರ್, ನಿಕೋಲ್ ಬೊಯಿವಿನ್. ಇವರೆಲ್ಲರ ಕೆಲಸ ಸೇರಿ ಈಗ ನಮಗೆ ಗೊತ್ತಿರುವುದು ಇಷ್ಟು: ಕ್ರಿ.ಪೂ. 2000ದ ಆಸುಪಾಸಿನಿಂದ ಕ್ರಿ.ಪೂ. 1200ರ ತನಕ ಇಲ್ಲಿ ಊರಿತ್ತು. ದನ ಕಟ್ಟಿದ್ದರು, ಕುರಿ ಮೇಯಿಸಿದ್ದರು, ಬಿತ್ತಿ ಬೆಳೆದಿದ್ದರು.

"ಏನ್ ಬೆಳೀತಿದ್ರು?" ಅಕ್ಕ ಅಲ್ಲೇ ತಡೆದು ಕೇಳಿದಳು. ಹೊಲದವರ ಮಗಳಲ್ಲವೇ.

ಕೊರಲೆ, ಹುರಳಿ, ಹೆಸರು ಎಂದೆ. ಅದು ಹೇಗೆ ತಿಳಿಯಿತು ಎಂಬುದನ್ನೂ ಹೇಳಬೇಕಾಯಿತು. ಹಳೆ ಊರಿನ ಬೂದಿ ಬೆರೆತ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಹೋಗುತ್ತದೆ, ಸುಟ್ಟು ಕರಿಯಾದ ಕಾಳು ಮೇಲೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಯಾವ ಕಾಳು ಎಂದು ಗೊತ್ತಾಗುತ್ತದೆ. ಯಾವತ್ತೋ ಒಲೆಗೆ ಬಿದ್ದು ಸುಟ್ಟುಹೋದದ್ದರಿಂದಲೇ ಅದು ಉಳಿದಿದೆ. ಅಕ್ಕನಿಗೆ ಇದು ಬಹಳ ಹಿಡಿಸಿತು. ಈಗ ಸಿರಿಧಾನ್ಯ ಎಂದು ಅಂಗಡಿಯಲ್ಲಿ ಸಣ್ಣ ಪೊಟ್ಟಣಕ್ಕೆ ಅಷ್ಟೊಂದು ದುಡ್ಡು ಕೊಟ್ಟು ತರುವ ಕೊರಲೆ ನಮ್ಮ ಗುಡ್ಡದವರ ದಿನದ ಊಟವಾಗಿತ್ತು ಎಂಬುದು ಆಕೆಗೆ ಬಂಡೆಯ ನಾದಕ್ಕಿಂತ ದೊಡ್ಡ ಸುದ್ದಿ. ಕೊರಲೆ ಹಗುರ ಮಣ್ಣಿನಲ್ಲೂ ಬರುತ್ತದೆ, ಗೊಬ್ಬರ ಕೇಳುವುದಿಲ್ಲ, ಬೇಗ ಕೈಗೆ ಬರುತ್ತದೆ. ಹಾಗಿದ್ದರೆ ಸಂಗನಕಲ್ಲಿನ ಬುಡದಲ್ಲೇ ಒಂದಿಷ್ಟು ಎಕರೆ ಯಾಕೆ ಹಾಕಿಸಬಾರದು ಎಂದು ಕೇಳಿದವಳು ಆಕೆಯೇ.

ನಾದದ ಬಂಡೆಗೆ ಮರಳಿ ಬರುತ್ತೇನೆ. ಕಪ್ಪಗಲ್ಲಿನ ಕರಿಕಲ್ಲಿನ ಪಟ್ಟೆಯ ಮೇಲೆ ಕುಟ್ಟಿ ಮಾಡಿದ ಚಿತ್ರಗಳು ನೂರಾರಿವೆ. ಹೆಚ್ಚಿನವು ದನಗಳು, ಉದ್ದ ಕೊಂಬು, ಹೆಗಲ ಮೇಲೆ ಎದ್ದು ಕಾಣುವ ಡುಬ್ಬ. ನಡುನಡುವೆ ಮನುಷ್ಯರು, ಕೈ ಹಿಡಿದು ಕುಣಿಯುವವರಂತೆ ಸಾಲು ನಿಂತವರೂ ಇದ್ದಾರೆ. ಕೆಲವು ಚಿತ್ರಗಳು ಎಂಥ ಜಾಗದಲ್ಲಿವೆ ಎಂದರೆ ಕೆತ್ತಿದವನು ಬಂಡೆಗೆ ಜೋತುಬಿದ್ದೇ ಕೆತ್ತಿರಬೇಕು. 1892ರಲ್ಲಿ ಫಾಸೆಟ್ ಎಂಬಾತ ಇವುಗಳ ಬಗ್ಗೆ ಬರೆದ. ಆಮೇಲೆ ಬಹಳ ಕಾಲ ವಿದ್ವಾಂಸರ ನೆನಪಿನಿಂದ ಈ ಜಾಗ ಜಾರಿಹೋಗಿತ್ತು. ಹೊಸ ತಲೆಮಾರಿನವರು ಮತ್ತೆ ಹುಡುಕಿಕೊಂಡು ಬಂದು, 2004ರಲ್ಲಿ ಬೊಯಿವಿನ್ ತಮ್ಮ ಲೇಖನದಲ್ಲಿ ಆ ಇನ್ನೊಂದು ಸಂಗತಿಯನ್ನು ಲೋಕದ ಮುಂದಿಟ್ಟರು. ಕೆಲವು ಬಂಡೆಗಳ ಮೇಲೆ ಸವೆದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ದೊಡ್ಡ ನಾದ ಹೊಮ್ಮುತ್ತದೆ. ಚಿತ್ರ ನೋಡುವುದಕ್ಕೆ ಮಾತ್ರವಲ್ಲ, ಆ ಜಾಗ ಕೂಡಿ ಬಾರಿಸುವುದಕ್ಕೂ ಇತ್ತು ಎಂಬ ಊಹೆಗೆ ಇದು ದಾರಿ ಮಾಡಿತು. ಅದೇ ಹೊತ್ತಿಗೆ ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಗಣಿಗಾರಿಕೆಯ ಸದ್ದು. ಕೆಲವು ಬಂಡೆಗಳು ಚಿತ್ರದ ಸಮೇತ ಹೋಗಿಯೇಬಿಟ್ಟವು. ಸಂಶೋಧಕರು ಕೂಗೆಬ್ಬಿಸಿ, ಪತ್ರಿಕೆಗಳು ಬರೆದು, ಆಮೇಲೆ ಆಡಳಿತದ ಹಿಡಿತ ಬಿಗಿಯಾಯಿತು.

ಅಕ್ಕನ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಶುರು. ಜಲ್ಲಿ ಯಾಕೆ ಮಾಡಿಲ್ಲವೆಂದರೆ ಯಾರೋ ಅಡ್ಡ ಬಂದರು. ಆದರೆ ಅಡ್ಡ ಬಂದವರು ಹೊರಗಿನವರು. ಧಾರವಾಡದವರು, ಲಂಡನ್ನಿನವರು. ಅವರು ಹೋದ ಮೇಲೆ?

"ಕಲ್ಲು ಒಡ್ಯಾಕ ಹೋಗೋರು ಯಾರು? ನಮ್ಮೂರ ಹುಡುಗ್ರೇ" ಎಂದಳು ಅಕ್ಕ. "ಒಡೀಬ್ಯಾಡ್ರಿ ಅಂತ ಬೋರ್ಡ್ ಹಾಕಿದ್ರ ಅವ್ರು ಸಂಜಿಗೆ ಏನ್ ತಿಂತಾರ? ಬೋರ್ಡಿನ್ಯಾಗ ಕೂಲಿ ಬರೀತಾರೇನು?"

ನನಗೆ ಅನ್ನಿಸುವುದು ಹೀಗೆ. ಹಿರೇಗುಡ್ಡದಲ್ಲಿ ಸಾವಿರಾರು ವರ್ಷದ ಹಿಂದೆ ಕಲ್ಲಿನ ಹದ ಅರಿತು, ಎಲ್ಲಿ ಪೆಟ್ಟು ಕೊಟ್ಟರೆ ಎಲ್ಲಿ ಸೀಳುತ್ತದೆ ಎಂದು ಅರಿತು ಬದುಕಿದವರಿದ್ದರು. ಇವತ್ತು ಉಳಿ ಹಿಡಿದು ಸಾಲಾಗಿ ತೂತು ಕೊರೆದು ಬಂಡೆಯನ್ನು ನೇರ ಗೆರೆಯಲ್ಲಿ ಸೀಳುವ ಕಲ್ಲುಕುಟಿಗನಿಗೂ ಅದೇ ಅರಿವು. ಆ ಗುಡ್ಡವನ್ನು ಬಂದವರಿಗೆ ತೋರಿಸಿ ವಿವರಿಸಲು ಇವನಿಗಿಂತ ತಕ್ಕವನು ಯಾರು? ಪುಸ್ತಕ ಓದಿ ಬಂದ ನನ್ನಂಥವನು ಕೊಡಲಿಯನ್ನು ತೋರಿಸಬಲ್ಲೆ. ಅವನು ಅದನ್ನು ಮಾಡಿ ತೋರಿಸಬಲ್ಲ. ಕಲ್ಲುಕುಟಿಗರ ಮನೆಯ ಹುಡುಗ ಹುಡುಗಿಯರಿಗೆ ತಿಂಗಳ ಸಂಬಳ ಕೊಟ್ಟು ಗುಡ್ಡದ ಕಾವಲು, ವಿವರಣೆ ಎರಡನ್ನೂ ವಹಿಸಬೇಕು. ಗುಡ್ಡದ ಬುಡದಲ್ಲಿ ಹೊರಗಿನಿಂದ ತಂದ ಕರಿಕಲ್ಲು ಇಟ್ಟುಕೊಂಡು ಶಾಲೆಯ ಮಕ್ಕಳಿಗೆ ಚಕ್ಕೆ ತೆಗೆಯುವುದು ಕಲಿಸಬೇಕು. ಮೂಲ ಬಂಡೆಯನ್ನು ಬಂದಬಂದವರೆಲ್ಲ ಬಡಿಯಲು ಬಿಡಬಾರದು. ಫ್ರಾನ್ಸಿನ ಲಾಸ್ಕೊ ಗುಹೆಯನ್ನು 1963ರಲ್ಲಿ ಜನರಿಗೆ ಮುಚ್ಚಬೇಕಾಯಿತು, ನೋಡಲು ಬಂದವರ ಉಸಿರಿನಿಂದಲೇ ಚಿತ್ರಗಳು ಕೆಡತೊಡಗಿದ್ದವು. 1983ರಲ್ಲಿ ಪಕ್ಕದಲ್ಲೇ ಅದರ ಪಡಿಯಚ್ಚು ಮಾಡಿ ಅದನ್ನು ತೆರೆದರು. ನಾವು ಅಷ್ಟು ದೂರ ಹೋಗಬೇಕಿಲ್ಲ, ಒಡೆದುಬಿದ್ದ ನಾದದ ತುಂಡುಗಳು ಇದ್ದರೆ ಅವನ್ನು ಕೆಳಗಿಟ್ಟು ಮಕ್ಕಳ ಕೈಗೆ ಕೊಡಬಹುದು.

ಬಳ್ಳಾರಿ ಊರೊಳಗೆ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ ಇದೆ. ಕೋರಿಶೆಟ್ಟರ್ ಅವರು ಹಟ ಹಿಡಿದು ಕಟ್ಟಿದ್ದು. ಇಂಥ ವಸ್ತುಗಳು ಅಗೆದ ಊರಿನಲ್ಲಿ ಉಳಿಯುವುದೇ ಅಪರೂಪ, ಸಾಮಾನ್ಯವಾಗಿ ಪುಣೆಗೋ ಮದ್ರಾಸಿಗೋ ಹೋಗಿ ಪೆಟ್ಟಿಗೆಯಲ್ಲಿ ಕೂರುತ್ತವೆ. ಅಕ್ಕ ಇನ್ನೂ ನೋಡಿಲ್ಲ. ಮೊಮ್ಮಕ್ಕಳಿಗೆ ಬೇಸಿಗೆ ರಜೆ ಬಂದಾಗ ಕರೆದೊಯ್ಯುತ್ತೇನೆ ಎಂದಿದ್ದಾಳೆ.

ಸಿರುಗುಪ್ಪದ ಮಾತು ಬಂದಾಗ ಆಕೆಯ ಧಾಟಿ ಬದಲಾಗುತ್ತದೆ. ಆ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1963-64ರಲ್ಲಿ ನಾಗರಾಜರಾವ್ ಅಗೆಸಿದಾಗ ಸಂಗನಕಲ್ಲಿನ ಕಾಲದ್ದೇ ಊರು ಸಿಕ್ಕಿತ್ತು, ದುಂಡು ಗುಡಿಸಲುಗಳ ನೆಲಗಟ್ಟು, ತಾಮ್ರ, ಚಿನ್ನದ ಒಡವೆ ಕೂಡ. ಚಿನ್ನದ ಮಾತಿಗೆ ಆಕೆ ನಕ್ಕಳು. ಆದರೆ ಎರೆಭೂತದ ಮಾತು ಎತ್ತಿದಾಗ ನಗು ನಿಂತಿತು.

ಎರೆಭೂತ ಅಂದರೆ ಪೇಟೆಯ ಓದುಗರಿಗೆ ತಿಳಿಯದಿದ್ದೀತು. ಒಂದು ಮೀಟರು ಎತ್ತರದ ಹಕ್ಕಿ, ಗಂಡು 15 ಕಿಲೋ ತನಕ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳ ಪೈಕಿ ಒಂದು. ರಾಷ್ಟ್ರಪಕ್ಷಿ ಯಾವುದಾಗಬೇಕು ಎಂಬ ಚರ್ಚೆ ನಡೆದಾಗ ಸಲೀಂ ಅಲಿ ಇದರ ಪರ ವಾದಿಸಿದ್ದರು, ಸ್ಥಾನ ನವಿಲಿಗೆ ಹೋಯಿತು. ಇಡೀ ಲೋಕದಲ್ಲಿ ಈಗ ಉಳಿದಿರುವುದು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಇದು ಇನ್ನೂ ಕಣ್ಣಿಗೆ ಬೀಳುವ ನೆಲವೆಂದರೆ ಸಿರುಗುಪ್ಪ ತಾಲ್ಲೂಕಿನ ಮಳೆಯಾಶ್ರಿತ ಎರೆಹೊಲಗಳು. ಬರಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ, ಹೆಚ್ಚಿನ ಸಲ. ಕಾವು ಕೊಡಲು ಸುಮಾರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಒಂದು ನಾಯಿ ಬಂದರೆ, ಒಂದು ಟ್ರ್ಯಾಕ್ಟರು ಹಾದರೆ, ಆ ವರ್ಷದ ಕಥೆ ಮುಗಿಯಿತು. ಕಣ್ಣು ಪಕ್ಕಕ್ಕಿರುವುದರಿಂದ ಎದುರಿಗಿನ ಕರೆಂಟು ತಂತಿ ಕಾಣುವುದಿಲ್ಲ, ಕಂಡರೂ ಆ ಭಾರಕ್ಕೆ ಪಕ್ಕನೆ ತಿರುಗಲಾಗದು. 2021ರಲ್ಲಿ ಸುಪ್ರೀಂ ಕೋರ್ಟು ರಾಜಸ್ಥಾನ, ಗುಜರಾತಿನ ತಂತಿಗಳನ್ನು ನೆಲದಡಿ ಹಾಕಬೇಕೆಂದು ಹೇಳಿತ್ತು, 2024ರಲ್ಲಿ ಆ ಆದೇಶವನ್ನು ಸಡಿಲಿಸಿತು.

ಅಕ್ಕನಿಗೆ ಇದು ಚಿಕ್ಕಂದಿನ ಹಕ್ಕಿ. ಕಡಲೆ ಹೊಲದಲ್ಲಿ ಮಿಡತೆ ಹೆಕ್ಕುತ್ತ ಸಾವಕಾಶ ನಡೆಯುತ್ತಿತ್ತು ಎಂದಳು. ಕಾಲುವೆ ನೀರು ಬಂದ ಕಡೆ ಭತ್ತ ಬಂತು, ಹಕ್ಕಿ ಹೋಯಿತು. ನೀರು ಬರದ ಕಡೆ ಜೋಳ, ಕಡಲೆ, ಕುಸುಬೆ ಉಳಿದಷ್ಟು ದಿನ ಹಕ್ಕಿಯೂ ಉಳಿದಿತ್ತು. ಆಮೇಲೆ ಹತ್ತಿ, ಮೆಣಸಿನಕಾಯಿ, ಅವುಗಳ ಹಿಂದೆ ಔಷಧಿ ಸಿಂಪಡಣೆ. ಮಿಡತೆಯೇ ಇಲ್ಲದ ಹೊಲಕ್ಕೆ ಹಕ್ಕಿ ಯಾಕೆ ಬಂದೀತು?

"ಈಗ ಯಾರರ ಕಂಡ್ರೂ ಹೇಳಂಗಿಲ್ಲ ತಮ್ಮಾ" ಎಂದಳು, ದನಿ ತಗ್ಗಿಸಿ. "ಹೇಳಿದ್ರ ಅರಣ್ಯದವ್ರು ಬರ್ತಾರ, ಹೊಲ ಹೋಗ್ತೈತಿ ಅಂತ ಅಂಜ್ತಾರ. ಮಾರಾಕ ಬರಂಗಿಲ್ಲ, ಬೋರ್ ಹಾಕ್ಸಾಕ ಬರಂಗಿಲ್ಲ."

ಈ ಅಂಜಿಕೆಯನ್ನು ತಿಳಿಗೇಡಿತನ ಎಂದು ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಮಧ್ಯಪ್ರದೇಶದ ಕರೇರಾದಲ್ಲಿ ಆದದ್ದು ಇದೇ. ಅಲ್ಲಿ 1981ರಲ್ಲಿ ಇದೇ ಹಕ್ಕಿಗಾಗಿ ಅಭಯಾರಣ್ಯ ಘೋಷಿಸಿದರು. ಒಳಗಿದ್ದದ್ದು ಜನರ ಸ್ವಂತ ಹೊಲ. ಮಾರುವಂತಿಲ್ಲ ಎಂದಾಯಿತು. ಮೊದಲು ಹಕ್ಕಿಯನ್ನು ಕಾದ ಜನವೇ ಅದರ ಮೇಲೆ ಮುನಿದರು. ಹಕ್ಕಿ ಅಲ್ಲಿಂದ ಕಣ್ಮರೆಯಾಗಿ ದಶಕಗಳೇ ಆಗಿವೆ. ಕರ್ನೂಲಿನ ಕಡೆ ರೋಳ್ಳಪಾಡು, ನಮಗೆ ತೀರಾ ಹತ್ತಿರದ್ದು, 1988ರಲ್ಲಿ ಆದ ಅಭಯಾರಣ್ಯ. ಅಲ್ಲಿ ಕೃಷ್ಣಮೃಗ ಹೆಚ್ಚಿ ಬೆಳೆ ಮೇಯತೊಡಗಿ ರೈತರ ಮನಸ್ಸು ಮುರಿಯಿತು. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲೇ ಅಭಯಾರಣ್ಯವಾಯಿತು, 119 ಚದರ ಕಿಲೋಮೀಟರು. ನೆಲದ ತುಂಬ ನೀಲಗಿರಿ. ಬಯಲು ಬೇಡುವ ಹಕ್ಕಿಗೆ ತೋಪು ಕೊಟ್ಟರು, ಅದು ಹೊರಟುಹೋಯಿತು.

ಬೇಲಿ ಹಾಕದೆಯೂ ಕಾಯುವ ದಾರಿ ಕಾನೂನಿನಲ್ಲೇ ಇದೆ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸಮುದಾಯ ಮೀಸಲು ಎಂಬುದು ಸೇರಿತು. ಖಾಸಗಿ ಇಲ್ಲವೇ ಊರ ಜಮೀನು, ಜನ ತಾವಾಗಿ ಮುಂದೆ ಬಂದರೆ ಮಾತ್ರ. ಒಡೆತನ ಅವರದ್ದೇ. ನಡೆಸುವ ಸಮಿತಿಯಲ್ಲಿ ಪಂಚಾಯಿತಿಯ ಕಡೆಯವರೂ ಇರಬೇಕು. ಸುಮ್ಮನೆ ಸಿಹಿಯಾಗಿ ಹೇಳಲಾರೆ, ಒಮ್ಮೆ ಘೋಷಣೆಯಾದ ಮೇಲೆ ನೆಲದ ಬಳಕೆ ಬದಲಿಸಲು ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಬೇಕು. ಅದನ್ನು ರೈತನಿಗೆ ಮೊದಲೇ ಹೇಳಬೇಕು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು 2007ರಲ್ಲಿ ಹೀಗೆ ಸಮುದಾಯ ಮೀಸಲಾಯಿತು. ಅಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುವುದು ಜನರ ಹಿತ್ತಲಿನ ಹುಣಸೆ ಮರದಲ್ಲಿ. ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ದುಡ್ಡು ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರ ಹುಡುಗರೇ ಸಾಕಿ ಬಿಡುತ್ತಾರೆ.

ಇನ್ನೂ ಹತ್ತಿರದ್ದು ಬೇಕೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಮೊನ್ನೆ ಮೊನ್ನೆಯ ತನಕ ನಮ್ಮದೇ ಜಿಲ್ಲೆ, ಈಗ ವಿಜಯನಗರ. ಅಲ್ಲಿ ಕೆರೆಯೊಳಗೆ ಜಾಲಿಮರ, ಮರದ ತುಂಬ ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆಗಳ ಜೊತೆ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಊರವರ ಒಪ್ಪಿಗೆ ಇಲ್ಲದೆ ಊರಕೆರೆಯಲ್ಲಿ ಅಷ್ಟು ಹಕ್ಕಿ ಒಂದು ಬೇಸಿಗೆಯೂ ಬಾಳುತ್ತಿರಲಿಲ್ಲ.

ಅಕ್ಕ ಬಹಳ ಹೊತ್ತು ಸುಮ್ಮನಿದ್ದು ಲೆಕ್ಕ ಹಾಕಿದಳು. ಎರೆಭೂತದ ಮೊಟ್ಟೆ ಕಂಡ ಹೊಲದವನಿಗೆ ಆ ಹಂಗಾಮಿನ ಪೂರ್ತಿ ಬೆಳೆಯ ಬೆಲೆ ಕೊಡಬೇಕು, ಆ ತುಂಡು ಹೊಲವನ್ನು ಕಾವಿನ ಅಷ್ಟೂ ವಾರ ಬೀಳು ಬಿಡಬೇಕು, ನಾಯಿ ಕಾಯಲು ಕುರುಬರ ಹುಡುಗರಿಗೆ ದಿನಗೂಲಿ ಕೊಡಬೇಕು. "ಅವ್ರು ಹೆಂಗೂ ಕುರಿ ಹಿಂದ ದಿನಾ ಅಲ್ಲೇ ಇರ್ತಾರ. ಯಾವ ಹಕ್ಕಿ ಎಲ್ಲಿ ಕುಂತೈತಿ ಅವ್ರಿಗೆ ಗೊತ್ತಿರ್ದಂಗ ಯಾರಿಗೂ ಗೊತ್ತಿಲ್ಲ." ಮತ್ತು ಮುಖ್ಯವಾದದ್ದು, ಹೊಲದ ಹೆಸರು, ಊರಿನ ಹೆಸರು ಫೋಟೋ ಹಿಡಿಯುವವರಿಗೆ ತಿಳಿಯಕೂಡದು. ಇದನ್ನು ನಾನು ಯೋಚಿಸಿರಲಿಲ್ಲ. ಗುಡ್ಡಕ್ಕೆ ಜನ ಬಂದಷ್ಟೂ ಒಳ್ಳೆಯದು, ಹಕ್ಕಿಗೆ ಬಂದಷ್ಟೂ ಕೆಟ್ಟದ್ದು. ಒಂದನ್ನು ಡೊಳ್ಳು ಬಡಿದು ಕಾಯಬೇಕು, ಇನ್ನೊಂದನ್ನು ಬಾಯಿ ಮುಚ್ಚಿ ಕಾಯಬೇಕು. ಇಂಗ್ಲೆಂಡಿನಲ್ಲಿ ಎರೆಭೂತದ ದಾಯಾದಿ ಹಕ್ಕಿ 1832ರ ಹೊತ್ತಿಗೆ ಮರಿಮಾಡುವುದು ನಿಂತು, 2004ರಲ್ಲಿ ರಷ್ಯಾದ ಮರಿಗಳಿಂದ ಶುರುಮಾಡಿ ಸಾಲಿಸ್‌ಬರಿ ಬಯಲಿನಲ್ಲಿ ಬಿಟ್ಟು ಮತ್ತೆ ಬೆಳೆಸುತ್ತಿದ್ದಾರೆ. ಕಳಕೊಂಡ ಮೇಲಿನ ಖರ್ಚು ಅದು. ನಮಗೆ ಇನ್ನೂ ಆ ಹಂತ ಬಂದಿಲ್ಲ.

ಡೊಳ್ಳಿನ ಮಾತು ಬಂದದ್ದರಿಂದ ಜಾತ್ರೆಯ ಊರು ಕುರುಗೋಡಿನ ಮಾತು. ಸಿಂದರು ಆಳಿದ ಊರು, 12ನೇ ಶತಮಾನದ ಗುಡಿಗಳು ಗುಡ್ಡದ ಬುಡದಲ್ಲಿ ಚೆಲ್ಲಿವೆ. ಜನಕ್ಕೆ ಮಾತ್ರ ಕುರುಗೋಡು ಅಂದರೆ ದೊಡ್ಡಬಸವೇಶ್ವರ. ಒಂದೇ ಕಲ್ಲಿನ ಆ ಭಾರಿ ಬಸವಣ್ಣನ ತೇರಿಗೆ ಮಾರ್ಚಿನ ಬಿಸಿಲಲ್ಲಿ ಸುತ್ತಣ ಹಳ್ಳಿಗಳೆಲ್ಲ ಸೇರುತ್ತವೆ. ಕಪ್ಪಗಲ್ಲಿನ ಬಂಡೆಯಲ್ಲಿ ಗೂಳಿ ಕೆತ್ತಿದ ನೆಲಕ್ಕೂ ಬಸವಣ್ಣನ ತೇರು ಎಳೆಯುವ ನೆಲಕ್ಕೂ ನಡುವೆ ಅರ್ಧ ದಿನದ ನಡಿಗೆ. ಆ ಜಾತ್ರೆಯಲ್ಲಿ ಬೆಂಡು ಬತ್ತಾಸಿನ ಸಾಲಿನಲ್ಲೇ ಒಂದು ಚಪ್ಪರ ಹಾಕಿ, ಗುಡ್ಡದ ಚಿತ್ರಗಳ ದೊಡ್ಡ ಅಚ್ಚು, ಕಲ್ಲುಕೊಡಲಿ ಮಾಡುವ ಕಲ್ಲುಕುಟಿಗ, ಬಳ್ಳಾರಿ ಕುರಿಯ ಕಂಬಳಿ ನೇಯುವವರು, ಇವರನ್ನೆಲ್ಲ ಕೂರಿಸಬೇಕೆಂಬುದು ನನ್ನ ಆಸೆ. ವಿಚಾರಸಂಕಿರಣಕ್ಕೆ ಬರುವುದಕ್ಕಿಂತ ಹೆಚ್ಚು ಜನ ಅಲ್ಲಿ ಒಂದು ತಾಸಿನಲ್ಲಿ ನೋಡುತ್ತಾರೆ. ಮುಂದೆ ಸಂಗನಕಲ್ಲಿಗೇ ಅದರದೇ ಒಂದು ಜಾತ್ರೆ ಆಗಬೇಕು, ಕೊರಲೆ ಕೊಯ್ಲಿನ ಹೊತ್ತಿಗೆ.

"ಮೊದ್ಲು ಜಾತ್ರಿ ಅಲ್ಲ, ಗ್ರಾಮಸಭಾ" ಎಂದಳು ಅಕ್ಕ. ಕಲ್ಲುಕುಟಿಗರ ಕೂಲಿಯ ಮಾತು ಠರಾವಿನಲ್ಲಿ ಮೊದಲು ಬರಬೇಕು, ಅದಕ್ಕೆ ಖನಿಜ ನಿಧಿಯಿಂದ ದುಡ್ಡು ಕೇಳಬೇಕು, ಗಣಿಯಿಂದ ಜಿಲ್ಲೆಗೆ ಬಂದ ದುಡ್ಡು ಗುಡ್ಡ ಕಾಯಲು ಹೋದರೆ ಯಾರು ಬೇಡ ಅಂದಾರು ಎಂದಳು. ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ಬೀಜದ ಕೊರಲೆಗೆ ತವರಿನ ಕಡೆ ಯಾರಲ್ಲಿ ಸಿಕ್ಕೀತು ಎಂದು ಆಕೆ ಫೋನು ಮಾಡಿ ಕೇಳುತ್ತಾಳಂತೆ. ಊಟದ ಜವಾಬ್ದಾರಿ ಸಂಗನಕಲ್ಲಿನ ಹೆಣ್ಣುಮಕ್ಕಳ ಸಂಘಕ್ಕೇ ಬಿಡಬೇಕು, ಬಳ್ಳಾರಿಯಿಂದ ಹೋಟೆಲಿನವರನ್ನು ಕರೆಸಕೂಡದು ಎಂಬುದು ಆಕೆಯ ಕಟ್ಟಪ್ಪಣೆ. ಕೊರಲೆ ಅನ್ನ, ಹುರಳಿಕಟ್ಟಿನ ಸಾರು, ಹೆಸರುಕಾಳಿನ ಪಲ್ಯ. ಮಕ್ಕಳು ಕೇಳಿದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ.